ಸೆವರ್ನ್ ನದಿಯೂ ಅದರ ತೀರದ ಪಟ್ಟಣಗಳೂ

ಇಂಗ್ಲೆಂಡಿನ ನದಿ ಯಾವುದೆಂದು ಕೇಳಿದರೆ ನಮ್ಮಲ್ಲಿ ಓದುಬರಹ ಬಲ್ಲವರೆಲ್ಲರೂ ಥೇಮ್ಸ್ ಎಂದು ಒಡನೆಯೇ ಉತ್ತರ ಕೊಡುವರು. ಲಂಡನ್ ಮಹಾನಗರವು ಅದರ ದಡದಲ್ಲಿರುವುದರಿಂದ ಆ ನದಿಗೆ ಈ ಪ್ರಸಿದ್ಧಿ ಸಹಜವಾಗಿಯೇ ಬಂದಿದೆ. ಆದರೆ ಆ ದ್ವೀಪದ ನದಿಗಳಲ್ಲೆಲ್ಲ ಉದ್ದವಾದುದು ಥೇಮ್ಸ್ ಅಲ್ಲ, ಸೆವರ್ನ್. ಪಾಠಶಾಲೆಯಲ್ಲಿ ಭೂಗೋಳವನ್ನು ಕಲಿಸುವಾಗ ಈ ಹೆಸರನ್ನು ಭೂಪಟದ ಮೇಲೆ ತೋರಿಸಿ, ಬಾಲಕರಿಂದ ಒಮ್ಮೆ ಹೇಳಿಸಿ, ಮುಂದಿನ ಪಾಠಕ್ಕೆ ಹೋಗುವುದು ಉಪಾಧ್ಯಾಯರ ರೂಢಿ. ನಿವೃತ್ತರಾದ ಬಳಿಕ ನಾವು ಪುಸ್ತಕಗಳನ್ನೂ ನಕ್ಷೆಗಳನ್ನೂ ಮುಂದಿಟ್ಟುಕೊಂಡು, ಸಾವಧಾನವಾಗಿ ಈ ನದಿಯನ್ನು ಉಗಮದಿಂದ ಸಮುದ್ರದವರೆಗೆ ಅನುಸರಿಸಿ ಹೋದೆವು. ಆಗ ಇದರ ತೀರದ ಊರುಗಳಿಗೂ ನಮ್ಮ ಕನ್ನಡನಾಡಿಗೂ ಎರಡು ಬಗೆಯ ಸಂಬಂಧವಿರುವುದು ಕಂಡುಬಂದಿತು. ಒಂದು, ನಮ್ಮಿಂದ ಅವರು ಕೊಂಡೊಯ್ದುದು. ಇನ್ನೊಂದು, ಅಲ್ಲಿಂದ ನಮಗೆ ದೊರೆತುದು. ಎರಡನ್ನೂ ಮರೆಮಾಡದೆ ವಾಚಕರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಸೆವರ್ನ್ ನದಿಯ ಉದ್ದ ಸುಮಾರು ೨೨೦ ಮೈಲಿ, ಎಂದರೆ ೩೫೪ ಕಿಲೋಮೀಟರು. ನಮ್ಮ ಕಾವೇರಿಯ ಉದ್ದದಲ್ಲಿ ಅದು ಅರ್ಧವೂ ಆಗದು. ವೇಲ್ಸ್ ದೇಶದ ನಡುಭಾಗದಲ್ಲಿರುವ ಪ್ಲಿನ್‌ಲಿಮನ್ ಎಂಬ ಪರ್ವತದ ಮೇಲೆ, ಸುಮಾರು ೨,೦೦೦ ಅಡಿ ಎತ್ತರದ ಜೌಗುನೆಲದಲ್ಲಿ ಇದು ಹುಟ್ಟುವುದು. ವೈ ಎಂಬ ಇನ್ನೊಂದು ನದಿಯೂ ಅದೇ ಪರ್ವತದಲ್ಲಿಯೇ ಜನಿಸುವುದು. ಒಂದೇ ತವರಿನಿಂದ ಹೊರಟ ಅಕ್ಕತಂಗಿಯರಂತೆ ಇವೆರಡೂ ಬೇರೆ ಬೇರೆ ದಾರಿ ಹಿಡಿದು, ಬಹುದೂರ ಸಂಚರಿಸಿ, ಕಡೆಗೆ ಸಮುದ್ರದ ಬಾಗಿಲಿನಲ್ಲಿ ಮತ್ತೆ ಕೂಡುವುವು. ಸೆವರ್ನ್ ಮೊದಲು ಈಶಾನ್ಯಕ್ಕೆ ಹರಿದು ಇಂಗ್ಲೆಂಡನ್ನು ಹೊಕ್ಕು, ಆಗ್ನೇಯಕ್ಕೂ ದಕ್ಷಿಣಕ್ಕೂ ತಿರುಗಿ, ಕಡೆಗೆ ನೈಋತ್ಯಾಭಿಮುಖವಾಗಿ ಕಡಲನ್ನು ಸೇರುವುದು. ನಕ್ಷೆಯಲ್ಲಿ ಅದರ ಮಾರ್ಗವು ಬಗ್ಗಿಸಿದ ಬಿಲ್ಲಿನಂತೆ ತೋರುವುದು.

ವೇಲ್ಸ್ ಜನರು ಇದನ್ನು ಹಾವ್‌ರೆನ್ ಎನ್ನುವರು. ರೋಮನರು ಸಬ್ರೀನಾ ಎಂದು ಕರೆದರು. ಈ ಹೆಸರಿಗೆ ಒಂದು ಐತಿಹ್ಯವುಂಟು. ಹನ್ನೆರಡನೆಯ ಶತಮಾನದಲ್ಲಿ ಮನ್‌ಮತ್ ಊರಿನ ಜೆಫ್ರಿ ಎಂಬ ಪಂಡಿತನು ಬರೆದ ರಾಜಚರಿತ್ರೆಯಲ್ಲಿ ಅದು ಬರುವುದು. ಲೋಕ್ರೈನ್ ಎಂಬ ರಾಜನು ರಾಣಿಯಿರುವಾಗಲೇ ಗುಟ್ಟಾಗಿ ಬೇರೊಬ್ಬ ಸ್ತ್ರೀಯನ್ನು ಇರಿಸಿಕೊಂಡಿದ್ದನು. ಅವಳಲ್ಲಿ ಹೆಣ್ಣುಮಗುವೊಂದು ಹುಟ್ಟಿತು. ಅವಮಾನಿತಳಾದ ರಾಣಿ ದಂಡೆತ್ತಿ ಬಂದು ಯುದ್ಧದಲ್ಲಿ ಗಂಡನನ್ನು ಕೊಲ್ಲಿಸಿದಳು. ತಾಯಿಯನ್ನೂ ಮಗಳನ್ನೂ ಹೊಳೆಗೆ ಎಸೆಯಿಸಿದಳು. ಆದರೆ ಏನೂ ಅರಿಯದ ಆ ಬಾಲಿಕೆಯ ಹೆಸರೇ ನದಿಗೆ ನಿಲ್ಲಲೆಂದು ತಾನೇ ಆಜ್ಞೆ ಮಾಡಿದಳಂತೆ. ಕತೆ ನಿಜವಿರಲಿ, ಇಲ್ಲದಿರಲಿ, ತಪ್ಪು ಮಾಡಿದವರನ್ನು ಬಿಟ್ಟು ನಿರಪರಾಧಿಯ ಹೆಸರನ್ನು ನೀರು ಹೊತ್ತು ನಡೆದಿರುವುದು ಮನಸ್ಸಿಗೆ ನಾಟುವ ಸಂಗತಿಯಾಗಿದೆ.

ಬೆಟ್ಟದಿಂದಿಳಿದ ನದಿಗೆ ಮೊದಲು ಎದುರಾಗುವ ಊರು ಲ್ಯಾನಿಡ್ಲಸ್. ಕ್ರಿ. ಶ. ೧೬೦೦ರ ಸುಮಾರಿಗೆ ಮರದ ಕಂಬಗಳ ಮೇಲೆ ಕಟ್ಟಿದ ಸಂತೆಯ ಕಟ್ಟಡವೊಂದು ಅಲ್ಲಿ ಇಂದಿಗೂ ನಿಂತಿರುವುದು. ಅಲ್ಲಿಂದ ಕೆಳಗೆ ನ್ಯೂಟೌನ್ ಎಂಬ ಸಣ್ಣ ಪಟ್ಟಣ. ರಾಬರ್ಟ್ ಓವನ್ ಎಂಬಾತನು ೧೭೭೧ರಲ್ಲಿ ಹುಟ್ಟಿದುದು ಅಲ್ಲಿ. ೧೮೫೮ರಲ್ಲಿ ಕಾಲವಾದುದೂ ಅಲ್ಲಿಯೇ. ನೂಲಿನ ಗಿರಣಿಯ ಒಡೆಯನಾಗಿದ್ದರೂ ಕೂಲಿಕಾರರ ಮಕ್ಕಳಿಗೆ ಪಾಠಶಾಲೆಯನ್ನು ತೆರೆದು, ದುಡಿಮೆಯ ಹೊತ್ತನ್ನು ಇಳಿಸಿ, ಬಡವರು ಒಬ್ಬರಿಗೊಬ್ಬರು ಕೈಗೊಟ್ಟು ಬದುಕಬಹುದೆಂದು ಬೋಧಿಸಿದವನು ಅವನು. ಸಹಕಾರ ಚಳವಳಿಯ ಮೂಲಪುರುಷರಲ್ಲಿ ಅವನ ಹೆಸರನ್ನು ಎಣಿಸುವರು.

ಮುಂದೆ ವೆಲ್ಷ್‌ಪೂಲ್. ಈ ಊರಿನ ಪಕ್ಕದ ಗುಡ್ಡದ ಮೇಲೆ ಕೆಂಪು ಕಲ್ಲಿನ ಪೋವಿಸ್ ಕೋಟೆ ಇರುವುದು. ಕನ್ನಡಿಗರು ನಿಂತು ನೋಡಬೇಕಾದ ಸ್ಥಳವಿದು. ಪ್ಲಾಸೀ ಯುದ್ಧದ ರಾಬರ್ಟ್ ಕ್ಲೈವನ ಮಗನಾದ ಎಡ್ವರ್ಡ್ ಕ್ಲೈವನು ಈ ಕೋಟೆಯ ಮನೆತನದ ಹೆನ್ರಿಯೆಟ್ಟಾ ಎಂಬ ಕನ್ಯೆಯನ್ನು ೧೭೮೪ರಲ್ಲಿ ವಿವಾಹವಾದನು. ೧೭೯೮ರಲ್ಲಿ ಅವನು ಮದರಾಸಿನ ಗವರ್ನರಾಗಿ ಬಂದನು. ಮರುವರ್ಷ, ೧೭೯೯ರ ಮೇ ೪ರಂದು, ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಗಿ ಟಿಪ್ಪೂ ಸುಲ್ತಾನನು ಯುದ್ಧದಲ್ಲಿ ಮಡಿದನು. ಅವನ ಸಿಂಹಾಸನವನ್ನು ಒಡೆದು ಹಂಚಿದರು. ಆ ಸಿಂಹಾಸನದ ಮಣಿಖಚಿತವಾದ ಚಿನ್ನದ ಹುಲಿಮುಖಗಳಲ್ಲಿ ಒಂದು ಇಂದು ಪೋವಿಸ್ ಕೋಟೆಯಲ್ಲಿದೆ. ಹೂಬಳ್ಳಿಗಳ ಚಿತ್ರವಿರುವ ಅರಳೆಬಟ್ಟೆಯ ಅವನ ಡೇರೆಯೂ ಅಲ್ಲಿಯೇ ಇರುವುದು. ಬಣ್ಣವು ಇನ್ನೂ ಮಾಸದಿರುವ ಆ ಬಟ್ಟೆಯನ್ನು ನೋಡಿದವರು ನಮ್ಮ ದೇಶದ ಬಣ್ಣಗಾರರ ಕೈಚಳಕಕ್ಕೆ ಬೆರಗಾಗುವರು.

ಹೆನ್ರಿಯೆಟ್ಟಾ ೧೮೦೦ರಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸಂದರ್ಶಿಸಿದಳು. ಗಿಡಮೂಲಿಕೆಗಳನ್ನೂ ಕಲ್ಲುಗಳನ್ನೂ ಆಸಕ್ತಿಯಿಂದ ಸಂಗ್ರಹಿಸಿದಳು. ಅವಳ ಕಿರಿಯ ಮಗಳು ಷಾರ್ಲೆಟ್ ಇಟ್ಟ ದಿನಚರಿ ಉಳಿದು ಬಂದಿದೆ. ಅವರು ನಮ್ಮ ನಾಡನ್ನು ಕುತೂಹಲದಿಂದಲೂ ಕೆಲವೆಡೆ ಆದರದಿಂದಲೂ ನೋಡಿದರೆಂಬುದು ನಿಜ. ಆದರೂ ಕಾವೇರಿಯ ದ್ವೀಪದಲ್ಲಿದ್ದ ವಸ್ತುಗಳು ಸೆವರ್ನಿನ ಗುಡ್ಡವನ್ನು ಏರಿದುದು ಕೊಡುಕೊಳ್ಳುವ ವ್ಯಾಪಾರದಿಂದಲ್ಲ, ಯುದ್ಧದ ಲೂಟಿಯಿಂದ. ಇದು ನಮ್ಮ ಲೆಕ್ಕದ ಮೊದಲನೆಯ ಬಾಬು.

ಗಡಿಯನ್ನು ದಾಟಿ ಇಂಗ್ಲೆಂಡನ್ನು ಹೊಕ್ಕ ನದಿಯು ಶ್ರೂಸ್‌ಬರಿ ಪಟ್ಟಣವನ್ನು ಕುದುರೆಯ ಲಾಳದಂತೆ ಸುತ್ತುವರಿದು ಹರಿಯುವುದು. ಮೂರು ಕಡೆ ನೀರು, ನಾಲ್ಕನೆಯ ಕಡೆಯ ಕಿರಿದಾದ ನೆಲದ ಮೇಲೆ ಕೋಟೆ. ಶತ್ರುವಿಗೆ ಸುಲಭವಾಗಿ ಸಿಕ್ಕದ ಇಂಥ ಸ್ಥಾನವನ್ನು ನಮ್ಮ ನೀತಿಶಾಸ್ತ್ರಕಾರರು ಜಲದುರ್ಗವೆಂದು ಕರೆದಿರುವರು. ಪಟ್ಟಣದ ಒಂದು ಮಗ್ಗುಲಿಗೆ ಇಂಗ್ಲಿಷ್ ಸೇತುವೆ, ಇನ್ನೊಂದು ಮಗ್ಗುಲಿಗೆ ವೆಲ್ಷ್ ಸೇತುವೆ. ಎರಡು ಜನಾಂಗಗಳ ಎಲ್ಲೆ ಇದಾಗಿತ್ತೆಂಬುದನ್ನು ಆ ಹೆಸರುಗಳೇ ಸಾರುವುವು. ೧೪೦೩ರ ಜುಲೈ ೨೧ರಂದು ಈ ಊರಿನ ಹೊರವಲಯದಲ್ಲಿ ನಾಲ್ಕನೆಯ ಹೆನ್ರಿ ದೊರೆಗೂ ಬಂಡೆದ್ದ ಸಾಮಂತರಿಗೂ ಘೋರ ಯುದ್ಧ ನಡೆಯಿತು. ಷೇಕ್ಸ್‌ಪಿಯರ್ ಮಹಾಕವಿಯ ನಾಟಕವನ್ನು ಓದಿದವರಿಗೆ ಈ ಯುದ್ಧದಲ್ಲಿ ಮಡಿದ ಹಾಟ್‌ಸ್ಪರ್ ಎಂಬ ಯುವವೀರನ ಪರಿಚಯವಿರುವುದು.

ಈ ಪಟ್ಟಣದ ಚೌಕದಲ್ಲಿ ರಾಬರ್ಟ್ ಕ್ಲೈವನ ವಿಗ್ರಹವಿದೆ. ಕ್ಲೈವನು ಈ ಜಿಲ್ಲೆಯವನು. ೧೭೬೨ರಲ್ಲಿ ಶ್ರೂಸ್‌ಬರಿಯ ಮೇಯರಾಗಿದ್ದನು, ಪಾರ್ಲಿಮೆಂಟಿನಲ್ಲಿ ಈ ಊರಿನ ಪ್ರತಿನಿಧಿಯೂ ಆಗಿದ್ದನು. ೧೭೫೭ರ ಪ್ಲಾಸೀ ಯುದ್ಧದ ತರುವಾಯ ಬಂಗಾಳದ ಬೊಕ್ಕಸದಿಂದ ಅವನೊಬ್ಬನ ಪಾಲಿಗೇ ೨,೩೪,೦೦೦ ಪೌಂಡು ಬಂದಿತು. ಅವನು ಸ್ವದೇಶಕ್ಕೆ ಮರಳಿದ ಕೆಲವೇ ವರ್ಷಗಳಲ್ಲಿ, ೧೭೬೯ ಮತ್ತು ೧೭೭೦ರಲ್ಲಿ, ಅದೇ ಬಂಗಾಳದಲ್ಲಿ ಕ್ಷಾಮದಿಂದ ಲಕ್ಷಾಂತರ ಜನ ಸತ್ತರು. ಅವನ ವಿಗ್ರಹವನ್ನು ೧೮೬೦ರಲ್ಲಿ ನಿಲ್ಲಿಸಿದರು. ೨೦೨೦ರಲ್ಲಿ ಅದನ್ನು ತೆಗೆದುಹಾಕಬೇಕೆಂದು ಸಹಸ್ರಾರು ಜನ ಸಹಿ ಮಾಡಿ ಬೇಡಿದರು. ಜಿಲ್ಲೆಯ ಕೌನ್ಸಿಲು ಚರ್ಚೆ ಮಾಡಿ, ಉಳಿಸಬೇಕೆಂದೇ ನಿರ್ಣಯಿಸಿತು. ಆ ಊರಿನವರೇ ಎರಡು ಪಕ್ಷವಾಗಿ ವಾದಿಸಿದರೆಂಬುದು ನಮ್ಮ ಗಮನಕ್ಕೆ ಅರ್ಹವಾಗಿದೆ.

ಅದೇ ಪಟ್ಟಣದ ಹಳೆಯ ಪಾಠಶಾಲೆಯ ಕಟ್ಟಡವು ಇಂದು ಪುಸ್ತಕಭಂಡಾರವಾಗಿದೆ. ಅದರ ಮುಂದೆ ಬೇರೊಬ್ಬನ ವಿಗ್ರಹವಿದೆ. ೧೮೦೯ರ ಫೆಬ್ರವರಿ ೧೨ರಂದು ಈ ಊರಿನ ವೈದ್ಯರೊಬ್ಬರ ಮನೆಯಲ್ಲಿ ಹುಟ್ಟಿ, ಈ ಶಾಲೆಯಲ್ಲಿ ಓದಿದ ಚಾರ್ಲ್ಸ್ ಡಾರ್ವಿನ್ನನದು ಅದು. ೧೮೩೧ರಲ್ಲಿ ಬೀಗಲ್ ಹಡಗಿನಲ್ಲಿ ಭೂಪ್ರದಕ್ಷಿಣೆ ಮಾಡುವ ಅವಕಾಶವು ದೊರೆತಾಗ ತಂದೆ ಒಪ್ಪಲಿಲ್ಲ. ಮಗ ಕಾಲಹರಣ ಮಾಡುವನೆಂದೇ ಅವರ ಅಳಲು. ಸೋದರಮಾವನು ಬಂದು ಸಮಾಧಾನ ಹೇಳಿದ ಮೇಲೆ ಅನುಮತಿ ಸಿಕ್ಕಿತು. ಆ ಯಾತ್ರೆಯ ಫಲವಾಗಿ ಜೀವಜಾತಿಗಳ ಉತ್ಪತ್ತಿಯನ್ನು ಕುರಿತ ಗ್ರಂಥವು ೧೮೫೯ರಲ್ಲಿ ಹೊರಬಂದು ವಿಜ್ಞಾನದ ದಿಕ್ಕನ್ನೇ ತಿರುಗಿಸಿತು. ಮಕ್ಕಳ ದಾರಿಯನ್ನು ಕುರಿತು ಚಿಂತಿಸುವ ಗೃಹಸ್ಥರು ಈ ವೃತ್ತಾಂತವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಶ್ರೂಸ್‌ಬರಿಯಿಂದ ಐದಾರು ಮೈಲಿ ಕೆಳಗೆ ರಾಕ್ಸಿಟರ್ ಎಂಬ ಹಳ್ಳಿಯಿದೆ. ರೋಮನರ ಕಾಲದಲ್ಲಿ ಆ ದ್ವೀಪದ ನಾಲ್ಕನೆಯ ದೊಡ್ಡ ನಗರವು ಇಲ್ಲಿದ್ದಿತು. ಈಗ ಉಳಿದಿರುವುದು ಸ್ನಾನಗೃಹಗಳ ಪಾಯವೂ ಒಂದು ಎತ್ತರವಾದ ಗೋಡೆಯೂ ಮಾತ್ರ. ಹಂಪೆಯ ಬೀದಿಗಳಲ್ಲಿ ನಡೆದವರಿಗೆ ಆ ಹಾಳಿನ ಮೌನವು ಹೊಸದಲ್ಲ.

ಮುಂದೆ ನದಿಯು ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯನ್ನು ಹೊಗುವುದು. ಇಲ್ಲಿಯ ಕೋಲ್‌ಬ್ರೂಕ್‌ಡೇಲ್ ಎಂಬ ಸ್ಥಳದಲ್ಲಿ ಅಬ್ರಹಾಂ ಡಾರ್ಬಿಯು ೧೭೦೯ರಲ್ಲಿ ಒಂದು ಹೊಸ ಕೆಲಸವನ್ನು ಸಾಧಿಸಿದನು. ಅದುವರೆಗೆ ಕಬ್ಬಿಣದ ಅದಿರನ್ನು ಕರಗಿಸಲು ಮರದ ಇದ್ದಿಲೇ ಬೇಕಾಗಿದ್ದಿತು, ಕಾಡುಗಳು ಕ್ಷೀಣಿಸುತ್ತಿದ್ದುವು. ಡಾರ್ಬಿಯು ಕಲ್ಲಿದ್ದಲನ್ನು ಬೇಯಿಸಿ ಕೋಕ್ ಮಾಡಿ, ಅದರಿಂದಲೇ ಅದಿರನ್ನು ಕರಗಿಸಿದನು. ಅವನು ಮುಖ್ಯವಾಗಿ ಎರಕ ಹೊಯ್ಯುತ್ತಿದ್ದುದು ಫಿರಂಗಿಗಳನ್ನಲ್ಲ, ಅಡಿಗೆಯ ಪಾತ್ರೆಗಳನ್ನು! ತೆಳುವಾದ, ಅಗ್ಗವಾದ ಕಬ್ಬಿಣದ ಗಡಿಗೆಗಳು ಬಡವರ ಒಲೆಗಳ ಮೇಲೆ ಬಂದುವು. ಯಂತ್ರಯುಗವು ಸಾಮಾನ್ಯರ ಅಡಿಗೆಮನೆಯ ಬಾಗಿಲಿನಿಂದ ಪ್ರವೇಶಿಸಿತೆಂದರೆ ಗೃಹಿಣಿಯರಿಗೆ ಸಂತೋಷವಾಗಬಹುದು.

ಅವನ ಮೊಮ್ಮಗನಾದ ಮೂರನೆಯ ಅಬ್ರಹಾಂ ಡಾರ್ಬಿಯು ೧೭೭೯ರಲ್ಲಿ ಅದೇ ಕಣಿವೆಗೆ ಎರಕದ ಕಬ್ಬಿಣದ ಸೇತುವೆಯನ್ನು ಕಟ್ಟಿಸಿದನು. ಲೋಕದಲ್ಲಿ ಅಷ್ಟು ದೊಡ್ಡ ಕಬ್ಬಿಣದ ಸೇತುವೆ ಅದೇ ಮೊದಲನೆಯದು. ನೂರು ಅಡಿ ಅಗಲದ ಹೊಳೆಯನ್ನು ಅದು ಒಂದೇ ಕಮಾನಿನಿಂದ ದಾಟುವುದು. ಸುಮಾರು ೩೭೮ ಟನ್ನು ಕಬ್ಬಿಣವು ಅದರಲ್ಲಿದೆ. ಕಬ್ಬಿಣವನ್ನು ಜೋಡಿಸುವ ಬಗೆ ಆಗ ಯಾರಿಗೂ ತಿಳಿಯದಿದ್ದುದರಿಂದ, ಬಡಗಿಗಳು ಮರವನ್ನು ಜೋಡಿಸುವಂತೆ ಕೀಲು, ಬೆಣೆಗಳಿಂದಲೇ ಅದನ್ನು ಹೊಂದಿಸಿದರು. ೧೭೮೧ರ ಜನವರಿ ೧ರಂದು ಸೇತುವೆ ತೆರೆಯಿತು. ಸೈನಿಕನಾಗಲಿ, ರಾಜಕುಟುಂಬದವರಾಗಲಿ ಸುಂಕ ತೆರದೆ ದಾಟಕೂಡದೆಂಬ ಫಲಕವು ಈಗಲೂ ಅಲ್ಲಿರುವುದು. ೧೭೯೫ರ ಮಹಾಪ್ರವಾಹದಲ್ಲಿ ಈ ನದಿಯ ಅನೇಕ ಕಲ್ಲುಸೇತುವೆಗಳು ಜಖಂ ಆದರೂ ಇದು ಅಲುಗಲಿಲ್ಲ. ಆದರೆ ಅಂದಾಜನ್ನು ಮೀರಿದ ವೆಚ್ಚವು ಕಟ್ಟಿಸಿದವನ ತಲೆಯ ಮೇಲೆ ಬಿದ್ದು, ಅವನು ಬದುಕಿರುವವರೆಗೂ ಸಾಲಗಾರನಾಗಿಯೇ ಇದ್ದನು. ಸೇತುವೆಯಿಂದಲೇ ಅಲ್ಲಿಯ ಊರಿಗೆ ಐರನ್‌ಬ್ರಿಡ್ಜ್ ಎಂಬ ಹೆಸರಾಯಿತು. ೧೯೮೬ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕಣಿವೆಯನ್ನು ವಿಶ್ವಪರಂಪರೆಯ ತಾಣಗಳಲ್ಲಿ ಸೇರಿಸಿತು.

ಹಿಂದೆ ಈ ನದಿಯೇ ಆ ಪ್ರಾಂತದ ರಾಜಮಾರ್ಗವಾಗಿದ್ದಿತು. ಕಬ್ಬಿಣ, ಕಲ್ಲಿದ್ದಲು, ಉಣ್ಣೆ, ಮಣ್ಣಿನ ಪಾತ್ರೆಗಳು ಟ್ರೋ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಸಾಗುತ್ತಿದ್ದುವು. ಪ್ರವಾಹಕ್ಕೆ ಎದುರಾಗಿ ಹೋಗುವಾಗ ಆ ದೋಣಿಗಳನ್ನು ಬಹುಕಾಲ ಎಳೆದವರು ಕುದುರೆಗಳಲ್ಲ, ಮನುಷ್ಯರು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ದಡದ ಕೆಸರಿನಲ್ಲಿ ನಡೆಯುತ್ತಿದ್ದರು. ಬಂಡೆಯ ಮೇಲೊಂದು ನೀರ ಬಳಿ ಒಂದು ಹೀಗೆ ಎರಡು ಭಾಗವಾಗಿರುವ ಬ್ರಿಜ್‌ನಾರ್ತ್, ಸೊಗಸಾದ ಕಲ್ಲುಸೇತುವೆಯ ಬ್ಯೂಡ್ಲಿ, ೧೭೭೨ರ ಕಾಲುವೆಯಿಂದ ಬೆಳೆದ ಸ್ಟೌರ್‌ಪೋರ್ಟ್ ಎಲ್ಲವೂ ಈ ದೋಣಿಗಾರರ ಊರುಗಳು. ರೈಲು ಬಂದಿತು, ದೋಣಿಗಳು ಮರೆಯಾದುವು.

ತರುವಾಯ ಬರುವ ನಗರದ ಹೆಸರು ವುಸ್ಟರ್. ಇಂಗ್ಲಿಷಿನಲ್ಲಿ ಇದನ್ನು ಒಂಬತ್ತು ಅಕ್ಷರಗಳಿಂದ ಬರೆದು, ಉಚ್ಚರಿಸುವಾಗ ಅರ್ಧವನ್ನು ನುಂಗಿಬಿಡುವರು! ಬರೆದಂತೆ ಓದುವ ನಮ್ಮ ಲಿಪಿಯ ಹಿರಿಮೆ ಇಂಥ ಕಡೆ ಅರಿವಾಗುವುದು. ವುಸ್ಟರ್, ಗ್ಲಾಸ್ಟರ್ ಹೆಸರುಗಳ ಕೊನೆಯ ಭಾಗವು ದಂಡಿನ ಪಾಳೆಯವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ನಮ್ಮಲ್ಲಿ ದುರ್ಗ, ಪುರಗಳಿಂದ ಕೊನೆಗೊಳ್ಳುವ ಊರ ಹೆಸರುಗಳಂತೆ. ನದಿಯ ದಡದಲ್ಲಿಯೇ ಎದ್ದುನಿಂತಿರುವ ಇಲ್ಲಿಯ ಮಹಾದೇವಾಲಯದಲ್ಲಿ ೧೨೧೬ರಲ್ಲಿ ಸತ್ತ ಜಾನ್ ದೊರೆಯ ಸಮಾಧಿಯಿದೆ. ಪ್ರಜೆಗಳ ಒತ್ತಾಯದಿಂದ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರಕ್ಕೆ ಮುದ್ರೆಯೊತ್ತಿದ ದೊರೆ ಇವನೇ. ೧೬೫೧ರ ಸೆಪ್ಟೆಂಬರ್ ೩ರಂದು ಕ್ರಾಮ್‌ವೆಲ್ಲನು ಎರಡನೆಯ ಚಾರ್ಲ್ಸನನ್ನು ಸೋಲಿಸಿ, ಆ ದೇಶದ ಅಂತರ್ಯುದ್ಧವನ್ನು ಮುಗಿಸಿದುದೂ ಈ ಊರಿನಲ್ಲಿಯೇ. ನದಿಯ ಕಡೆಯ ಹೆಬ್ಬಾಗಿಲಿನ ಗೋಡೆಯ ಮೇಲೆ ಯಾವ ಯಾವ ವರ್ಷ ನೀರು ಎಲ್ಲಿಯವರೆಗೆ ಏರಿತೆಂದು ಗೆರೆ ಕೊರೆದು ಗುರುತಿಟ್ಟಿರುವರು. ಮುಂದಿನವರಿಗೆ ಎಚ್ಚರಿಕೆ ಹೇಳುವ ಈ ಪದ್ಧತಿಯನ್ನು ನಾವು ಮೆಚ್ಚುವೆವು.

ವುಸ್ಟರಿನ ಹೆಸರು ಲೋಕದ ಊಟದ ಮೇಜುಗಳಿಗೆಲ್ಲ ತಲಪಿದುದು ಒಂದು ಸೀಸೆಯ ಮೂಲಕ. ಲೀ, ಪೆರಿನ್ಸ್ ಎಂಬ ಇಬ್ಬರು ಔಷಧ ವ್ಯಾಪಾರಿಗಳು ೧೮೩೭ರಲ್ಲಿ ಮಾರಾಟಕ್ಕೆ ತಂದ ವುಸ್ಟರ್ ಸಾಸಿನಲ್ಲಿ ಹುಣಿಸೆಯ ಹುಳಿ ಒಂದು ಮುಖ್ಯ ಪದಾರ್ಥ. ಬಂಗಾಳದಿಂದ ಮರಳಿದ ಪ್ರಭುವೊಬ್ಬನು ಇದರ ಪಾಕವನ್ನು ತಂದನೆಂದು ಕತೆ ಹೇಳುವರು. ಆದರೆ ಆ ಕತೆಯ ಪ್ರಭುವಿನ ಹೆಸರಿನ ಗವರ್ನರನು ಬಂಗಾಳದಲ್ಲಿ ಎಂದೂ ಇರಲಿಲ್ಲ. ಪಾಕ ಎಲ್ಲಿಯದಾದರೂ ಆಗಲಿ, ಆ ಹುಳಿ ಮಾತ್ರ ನಮ್ಮ ಸಾರಿನಲ್ಲಿರುವ ಹುಳಿಯೇ.

ಇನ್ನೂ ಕೆಳಗೆ ಟ್ಯೂಕ್ಸ್‌ಬರಿಯ ಬಳಿ ಏವನ್ ನದಿಯು ಸೆವರ್ನನ್ನು ಕೂಡುವುದು. ಷೇಕ್ಸ್‌ಪಿಯರನ ಹುಟ್ಟೂರಿನ ಮುಂದೆ ಹರಿದು ಬರುವ ಏವನ್ ಇದೇ. ೧೧೨೧ರಲ್ಲಿ ಪ್ರತಿಷ್ಠೆಯಾದ ಭವ್ಯವಾದ ಮಠಾಲಯವು ಈ ಸಂಗಮಕ್ಕೆ ಕಳೆ ಕಟ್ಟಿದೆ. ೧೪೭೧ರ ಮೇ ೪ರಂದು ಇಲ್ಲಿಯ ಹೊಲಗಳಲ್ಲಿ ನಡೆದ ಕಾಳಗದಲ್ಲಿ ಲ್ಯಾಂಕಾಸ್ಟರ್ ವಂಶದ ರಾಜಕುಮಾರನು ಮಡಿದು, ಒಂದು ರಾಜಪಕ್ಷದ ಆಸೆಯೇ ನಂದಿಹೋಯಿತು. ನಮ್ಮ ಕಾಲದಲ್ಲಿ, ೨೦೦೭ರ ಜುಲೈಯಲ್ಲಿ, ಎರಡು ನದಿಗಳೂ ಉಕ್ಕಿ ಊರನ್ನು ದ್ವೀಪವನ್ನಾಗಿ ಮಾಡಿದುವು. ನೀರನ್ನು ಶುದ್ಧಿಮಾಡುವ ಕಾರ್ಖಾನೆಯೇ ಮುಳುಗಿ, ಸುಮಾರು ಮೂರೂವರೆ ಲಕ್ಷ ಜನರ ಮನೆಗಳಲ್ಲಿ ನಲ್ಲಿಗಳು ಎರಡು ವಾರದಷ್ಟು ಕಾಲ ಒಣಗಿದುವು. ಸುತ್ತಲೂ ಜಲಮಯ, ಕುಡಿಯಲು ಮಾತ್ರ ತೊಟ್ಟಿಲ್ಲ! ಧನಿಕ ದೇಶವಾದರೂ ನದಿಯ ಮುಂದೆ ಮನುಷ್ಯನ ಗರ್ವ ನಿಲ್ಲದು.

ಗ್ಲಾಸ್ಟರ್ ನಗರದಲ್ಲಿ ೧೦೮೫ರ ಕ್ರಿಸ್ಮಸ್ ಕಾಲದಲ್ಲಿ ಸಭೆ ಸೇರಿಸಿದ ಒಂದನೆಯ ವಿಲಿಯಂ ದೊರೆಯು ತನ್ನ ರಾಜ್ಯದ ಹೊಲ, ಗಿರಣಿ, ಎತ್ತು, ಆಳುಗಳ ಲೆಕ್ಕವನ್ನೆಲ್ಲ ಬರೆಯಿಸಲು ಅಪ್ಪಣೆ ಮಾಡಿದನು. ಡೂಮ್ಸ್‌ಡೇ ಪುಸ್ತಕವೆಂದು ಹೆಸರಾದ ಆ ಮಹಾಕಡತವನ್ನು ಕಂಡರೆ ನಮ್ಮ ಹಳೆಯ ಶಾನುಭೋಗರು ತಲೆದೂಗುತ್ತಿದ್ದರು.

ಆದರೆ ಗ್ಲಾಸ್ಟರಿಗೆ ಜನರು ದೂರದಿಂದ ಬರುವುದು ಪ್ರಕೃತಿಯ ಒಂದು ವಿಚಿತ್ರವನ್ನು ನೋಡಲು. ಸೆವರ್ನಿನ ಅಳಿವೆಯಲ್ಲಿ ಸಮುದ್ರದ ಉಬ್ಬರವಿಳಿತದ ಅಂತರವು ಸುಮಾರು ೫೦ ಅಡಿಯವರೆಗೂ ಹೋಗುವುದು; ಲೋಕದಲ್ಲಿ ಇದಕ್ಕಿಂತ ಹೆಚ್ಚಿನದು ಎಲ್ಲಿಯೋ ಒಂದೆರಡು ಕಡೆ ಮಾತ್ರ. ಐದು ಮೈಲಿ ಅಗಲದ ಅಳಿವೆಯು ಆಲಿಕೆಯಂತೆ ಕಿರಿದಾಗುತ್ತ ಬಂದು, ಮಿನ್ಸ್ಟರ್‌ವರ್ತ್ ಎಂಬ ಹಳ್ಳಿಯ ಬಳಿ ನೂರು ಗಜಕ್ಕೂ ಕಡಮೆಯಾಗುವುದು. ಆಗ ಒತ್ತಿಬರುವ ಕಡಲಿನ ನೀರು ಬೇರೆ ದಾರಿ ಕಾಣದೆ, ಗೋಡೆಯಂತೆ ಎದ್ದು ಹೊಳೆಯ ಮೇಲ್ಮುಖವಾಗಿ ಓಡುವುದು. ಇದನ್ನು ಬೋರ್ ಎನ್ನುವರು. ಅಮಾವಾಸ್ಯೆ ಪೂರ್ಣಿಮೆಗಳಾದ ಒಂದೆರಡು ದಿನಗಳಲ್ಲಿ ಇದು ಬಲವಾಗಿ ಬರುವುದು. ಹಗಲಿರುಳು ಸಮನಾಗುವ ವಿಷುವತ್ಕಾಲದ ಆಸುಪಾಸಿನಲ್ಲಿ ಅತ್ಯಂತ ಪ್ರಬಲ. ಆಗ ಅಲೆಯ ಎತ್ತರ ಆರೇಳು ಅಡಿಯನ್ನು ಮುಟ್ಟುವುದುಂಟು. ಯಾವ ದಿನ, ಯಾವ ಊರಿಗೆ, ಎಷ್ಟು ಗಂಟೆಗೆ ಬರುವುದೆಂದು ಪಂಚಾಂಗದಂತೆ ಮುಂಚಿತವಾಗಿಯೇ ಪಟ್ಟಿಯನ್ನು ಪ್ರಕಟಿಸುವರು. ಸಾಹಸಿಗಳು ಹಲಗೆಗಳ ಮ��ಲೆ ನಿಂತು ಆ ಅಲೆಯ ಮೇಲೆ ಮೈಲಿಗಟ್ಟಲೆ ಸವಾರಿ ಮಾಡುವರು. ಸಮುದ್ರಕ್ಕೆ ಕೊಡುವುದಷ್ಟೇ ನದಿಯ ಧರ್ಮವೆಂದು ನಾವೆಲ್ಲ ತಿಳಿದಿದ್ದರೆ, ಇಲ್ಲಿ ಸಮುದ್ರವೇ ನದಿಯನ್ನು ಹೊಕ್ಕು ಬರುವುದು.

ಗ್ಲಾಸ್ಟರಿನ ಕೆಳಗೆ, ಅಳಿವೆಯ ಪೂರ್ವದಂಡೆಯಿಂದ ಸ್ವಲ್ಪ ಒಳಗೆ, ಬರ್ಕ್ಲಿ ಎಂಬ ಚಿಕ್ಕ ಊರಿದೆ. ಪದಚ್ಯುತನಾದ ಎರಡನೆಯ ಎಡ್ವರ್ಡ್ ದೊರೆಯು ೧೩೨೭ರಲ್ಲಿ ಇಲ್ಲಿಯ ಕೋಟೆಯಲ್ಲಿ ಕೊಲೆಯಾದನೆಂದು ಪ್ರಸಿದ್ಧಿ; ಅವನ ಸಮಾಧಿ ಗ್ಲಾಸ್ಟರಿನಲ್ಲಿದೆ. ಆದರೆ ನಾವು ಬರ್ಕ್ಲಿಯ ಹೆಸರನ್ನು ಸ್ಮರಿಸಬೇಕಾದುದು ಆ ಅರಸನಿಂದಲ್ಲ, ಒಬ್ಬ ಹಳ್ಳಿಯ ವೈದ್ಯನಿಂದ.

ಎಡ್ವರ್ಡ್ ಜೆನ್ನರ್ ೧೭೪೯ರಲ್ಲಿ ಈ ಊರಿನ ಪಾದ್ರಿಯ ಮಗನಾಗಿ ಜನಿಸಿದನು. ಲಂಡನ್ನಿನಲ್ಲಿ ಶಸ್ತ್ರವೈದ್ಯವನ್ನು ಕಲಿತು, ಅಲ್ಲಿ ಕೀರ್ತಿಯನ್ನು ಅರಸದೆ ಊರಿಗೆ ಮರಳಿ ವೈದ್ಯ ಮಾಡುತ್ತಿದ್ದನು. ಆಗ ಸಿಡುಬು ರಾಜನನ್ನೂ ತಿರುಕನನ್ನೂ ಬಿಡದ ಮಹಾಮಾರಿ. ತಗುಲಿದ ಮೂವರಲ್ಲಿ ಒಬ್ಬರು ಸಾಯುತ್ತಿದ್ದರು, ಉಳಿದವರಲ್ಲಿ ಅನೇಕರು ಕಣ್ಣನ್ನೂ ಮುಖದ ಅಂದವನ್ನೂ ಕಳೆದುಕೊಳ್ಳುತ್ತಿದ್ದರು. ಸಿಡುಬಿನ ಕೀವನ್ನೇ ಅಲ್ಪವಾಗಿ ಚುಚ್ಚಿ ರೋಗವನ್ನು ಸೌಮ್ಯವಾಗಿ ಬರಿಸುವ ಪದ್ಧತಿಯೊಂದು ನಮ್ಮ ಬಂಗಾಳವೇ ಮೊದಲಾದ ಪೂರ್ವದೇಶಗಳಲ್ಲಿ ಹಿಂದಿನಿಂದಲೂ ಇದ್ದಿತು. ಅಪಾಯವೂ ಅದರ ಸಂಗಡವಿತ್ತು. ಹಸುವಿನ ಕೆಚ್ಚಲಿನ ಸಿಡುಬು ಕೈಗೆ ತಗುಲಿದ ಹಾಲು ಕರೆಯುವ ಹೆಂಗಸರಿಗೆ ದೊಡ್ಡ ಸಿಡುಬು ಬಾರದೆಂದು ಸೆವರ್ನ್ ಸೀಮೆಯ ಹಳ್ಳಿಗರು ಹೇಳುತ್ತಿದ್ದರು. ಜೆನ್ನರ್ ಆ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕಲಿಲ್ಲ. ಪರೀಕ್ಷಿಸದೆ ನಂಬಲೂ ಇಲ್ಲ. ೧೭೯೬ರ ಮೇ ೧೪ರಂದು ಸೇರಾ ನೆಲ್ಮ್ಸ್ ಎಂಬ ಗೊಲ್ಲತಿಯ ಕೈಯ ಗುಳ್ಳೆಯಿಂದ ರಸವನ್ನು ತೆಗೆದು, ತೋಟಗಾರನ ಮಗನಾದ ಎಂಟು ವರ್ಷದ ಜೇಮ್ಸ್ ಫಿಪ್ಸನ ತೋಳಿಗೆ ಹಚ್ಚಿದನು. ಕೆಲವು ವಾರಗಳ ಮೇಲೆ ದೊಡ್ಡ ಸಿಡುಬಿನ ರಸವನ್ನೇ ಚುಚ್ಚಿದರೂ ಹುಡುಗನಿಗೆ ರೋಗ ಬರಲಿಲ್ಲ. ೧೭೯೮ರಲ್ಲಿ ಜೆನ್ನರ್ ಈ ವಿಷಯವನ್ನು ಪುಸ್ತಕವಾಗಿ ಪ್ರಕಟಿಸಿದನು. ತನ್ನ ತೋಟದ ಹುಲ್ಲುಮಾಡಿನ ಗುಡಿಸಲಿನಲ್ಲಿ ಬಡವರಿಗೆ ಧರ್ಮಾರ್ಥವಾಗಿ ದಾಕು ಹಾಕುತ್ತಿದ್ದನು. ಲ್ಯಾಟಿನ್ ಭಾಷೆಯಲ್ಲಿ ಹಸುವಿಗೆ ವಕ್ಕಾ ಎಂದು ಹೆಸರು. ವ್ಯಾಕ್ಸಿನ್ ಎಂಬ ಶಬ್ದವು ಅದರಿಂದಲೇ ಹುಟ್ಟಿತು. ಇಂದು ಯಾವ ರೋಗಕ್ಕೆ ಲಸಿಕೆ ಹಾಕಿಸಿಕೊಂಡರೂ ನಾವು ಅರಿಯದೆಯೇ ಗೋವಿನ ಹೆಸರನ್ನು ಹೇಳುತ್ತೇವೆ.

ವಾಚಕರು ಇಲ್ಲಿ ಒಂದು ಕಾಲಸಾಮ್ಯವನ್ನು ಗಮನಿಸಬೇಕು. ಜೆನ್ನರನ ಪುಸ್ತಕವು ಹೊರಬಂದ ೧೭೯೮ರಲ್ಲಿಯೇ ಪೋವಿಸ್ ಕೋಟೆಯ ಅಳಿಯನು ಮದರಾಸಿಗೆ ಗವರ್ನರಾಗಿ ಬಂದನು. ಮರುವರ್ಷ ಶ್ರೀರಂಗಪಟ್ಟಣವು ಬಿದ್ದಿತು. ಅದಾದ ಮೂರು ವರ್ಷಕ್ಕೆ, ಬಾಗ್ದಾದು ಬಸ್ರಾಗಳ ದಾರಿಯಾಗಿ, ತೋಳಿನಿಂದ ತೋಳಿಗೆ ದಾಟುತ್ತ ಬಂದ ಬರ್ಕ್ಲಿಯ ಮದ್ದು ಮುಂಬಯಿಯನ್ನು ತಲಪಿತು; ೧೮೦೨ರ ಜೂನ್ ೧೪ರಂದು ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಭಾರತದಲ್ಲಿ ಮೊದಲನೆಯ ದಾಕು ಹಾಕಿದರು. ಮೈಸೂರಿಗೂ ಅದು ಬೇಗನೆ ಬಂದಿತು. ಚಿತ್ರಕಾರ ಥಾಮಸ್ ಹಿಕ್ಕಿ ೧೮೦೫ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ತೈಲಚಿತ್ರವೊಂದಿದೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ರಾಣಿಯರೂ ಅಜ್ಜಿ ಲಕ್ಷ್ಮಮ್ಮಣ್ಣಿಯವರೂ ಎಂದು ಕೇಂಬ್ರಿಜ್ಜಿನ ಇತಿಹಾಸಜ್ಞರೊಬ್ಬರು ಗುರುತಿಸಿರುವರು. ಅವರಲ್ಲಿ ಒಬ್ಬ ರಾಣಿಯು ಸೀರೆಯ ಸೆರಗನ್ನು ಸರಿಸಿ ಎಡತೋಳನ್ನು ತೋರಿಸುತ್ತಿರುವುದು ದಾಕು ಹಾಕಿದ ಜಾಗವನ್ನು ಪ್ರಜೆಗಳಿಗೆ ಕಾಣಿಸಲೆಂದೇ ಎಂಬುದು ಅವರ ಅಭಿಪ್ರಾಯ. ಇದು ನಿಜವಾದರೆ, ಅರಮನೆಯ ಹೆಣ್ಣುಮಕ್ಕಳು ಸಂಕೋಚವನ್ನು ಬಿಟ್ಟು ಪ್ರಜೆಗಳ ಭಯವನ್ನು ಬಿಡಿಸಿದರೆಂದು ನಾವು ಹೆಮ್ಮೆಪಡಬಹುದು. ಭಾರತದಲ್ಲಿ ಸಿಡುಬು ೧೯೭೫ರಲ್ಲಿ ಕೊನೆಗಂಡಿತು. ೧೯೮೦ರಲ್ಲಿ ಅದು ಭೂಮಂಡಲದಿಂದಲೇ ಅಳಿದುಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಘೋಷಿಸಿತು. ಮನುಷ್ಯನ ಪ್ರಯತ್ನದಿಂದ ಸಂಪೂರ್ಣವಾಗಿ ನಿರ್ಮೂಲವಾದ ಮನುಷ್ಯರೋಗ ಇದೊಂದೇ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಶ್ರೀರಂಗಪಟ್ಟಣದ ಡೇರೆಯು ಸೆವರ್ನಿನ ತೀರದಲ್ಲಿದೆ. ಸೆವರ್ನಿನ ತೀರದ ದಾಕಿನ ಗುರುತು ನಮ್ಮ ವಯಸ್ಸಿನವರ ತೋಳಿನ ಮೇಲಿದೆ. ಜಮೆಯಲ್ಲಿ ಖರ್ಚನ್ನು ಕಳೆದು, ಇಂತಿಷ್ಟು ಬಾಕಿಯೆಂದು ತೀರಿಸಿಬಿಡುವ ಲೆಕ್ಕವಲ್ಲ ಇದು. ಲಸಿಕೆ ಬಂದಿತೆಂದು ಲೂಟಿಯು ನ್ಯಾಯವಾಗದು. ಲೂಟಿ ನಡೆಯಿತೆಂದು ಲಸಿಕೆಯ ಉಪಕಾರವು ಸುಳ್ಳಾಗದು. ಕ್ಲೈವರ ಮನೆತನವೂ ಜೆನ್ನರನೂ ಕುಡಿದುದು ಒಂದೇ ಹೊಳೆಯ ನೀರಾದರೂ ಅವರು ಒಬ್ಬರಲ್ಲ. ಒಂದು ದೇಶದ ಜನರನ್ನು ಒಟ್ಟಾಗಿ ಹೊಗಳುವುದೂ ಒಟ್ಟಾಗಿ ತೆಗಳುವುದೂ ಸುಲಭ. ಒಬ್ಬೊಬ್ಬನ ಕೃತ್ಯವನ್ನು ಅವನವನ ಹೆಸರಿನಲ್ಲಿಯೇ ಬರೆದಿಡುವುದು ಕಷ್ಟ. ಆದರೆ ಚರಿತ್ರೆಯನ್ನು ಓದುವವರ ಕರ್ತವ್ಯವು ಎರಡನೆಯದೇ. ಇದು ಪರರನ್ನು ತೂಗುವಾಗ ಮಾತ್ರವಲ್ಲ, ನಮ್ಮ ಅರಸರನ್ನೂ ನಮ್ಮ ಹಿರಿಯರನ್ನೂ ತೂಗುವಾಗಲೂ ಸಲ್ಲುವ ಮಾತು.

ಬರ್ಕ್ಲಿಯನ್ನು ಬಿಟ್ಟ ನದಿಯು ಕಡಲೋ ಹೊಳೆಯೋ ತಿಳಿಯದಷ್ಟು ಹಬ್ಬಿ ಮುಂದುವರಿಯುವುದು. ಅದರ ಕೆಳಗೆ ೧೮೮೬ರಲ್ಲಿ ತೆರೆದ ನಾಲ್ಕು ಮೈಲಿಗೂ ಮಿಕ್ಕ ರೈಲು ಸುರಂಗವಿದೆ. ಮೇಲೆ ೧೯೬೬ರಲ್ಲಿಯೂ ೧೯೯೬ರಲ್ಲಿಯೂ ತೆರೆದ ಎರಡು ಮಹಾಸೇತುವೆಗಳಿವೆ. ಮೊದಲನೆಯ ಸೇತುವೆಯ ಬಳಿಯಲ್ಲಿಯೇ ತವರನ್ನು ಹಂಚಿಕೊಂಡು ಹುಟ್ಟಿದ ವೈ ನದಿಯು ಬಂದು ಸೇರುವುದು. ಅಲ್ಲಿಂದ ಮುಂದೆ ಎಲ್ಲವೂ ಸಮುದ್ರ.

ಮನೆಯಲ್ಲಿ ಮಕ್ಕಳಿಗೆ ಭೂಪಟವನ್ನು ತೋರಿಸುವ ತಂದೆತಾಯಿಗಳು ಒಂದು ಸಂಜೆ ಈ ನದಿಯ ಮೇಲೆ ಬೆರಳಿಟ್ಟು ವೆಲ್ಷ್‌ಪೂಲಿನಿಂದ ಬರ್ಕ್ಲಿಯವರೆಗೆ ನಡೆಯಿಸಲಿ. ಮೇಲಿನ ಊರಿನಲ್ಲಿ ಡೇರೆಯ ಕತೆಯನ್ನು ಹೇಳಲಿ. ಕೆಳಗಿನ ಊರಿನಲ್ಲಿ ಗೊಲ್ಲತಿಯ ಕೈಯ ಕತೆಯನ್ನು ಹೇಳಲಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರ ತೋಳಿನ ಹಳೆಯ ದಾಕಿನ ಕಲೆಯನ್ನು ಮಕ್ಕಳು ಒಮ್ಮೆ ನೋಡಲಿ. ಎರಡು ಕತೆಗಳಲ್ಲಿ ಒಂದನ್ನು ಮಾತ್ರ ಹೇಳಿ ನಿಲ್ಲಿಸಬಾರದೆಂಬುದು ನಮ್ಮ ಪ್ರಾರ್ಥನೆ.